ಅದು ನರ ಅಲ್ಲ, ಹುರಿ

ಬೆಳಿಗ್ಗೆ ಎದ್ದು ಮೊದಲ ನಾಲ್ಕು ಹೆಜ್ಜೆ ಇಡುವಾಗ ಹಿಮ್ಮಡಿಯ ಹಿಂದೆ, ಸ್ವಲ್ಪ ಮೇಲೆ, ಬಿಗಿದು ನೋಯುತ್ತದೆ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಸಡಿಲಾಗುತ್ತದೆ. ‘ನರ ಹಿಡ್ಕೊಂಡಿದೆ’ ಅಂತ ಮನೆಯಲ್ಲಿ ಎಣ್ಣೆ ತಿಕ್ಕುತ್ತಾರೆ. ಅದು ನರ ಅಲ್ಲ. ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿ ಮೂಳೆಗೆ ಕಟ್ಟಿರುವ ಹುರಿ. ಎರಡು ಬೆರಳಲ್ಲಿ ಹಿಡಿದು ನೋಡಿ, ಹಗ್ಗದ ಹಾಗೆ ಸಿಗುತ್ತದೆ. (ನೋವು ಹಿಮ್ಮಡಿಯ ಅಡಿಯಲ್ಲಿದ್ದರೆ ಅದು ಬೇರೆಯೇ ತೊಂದರೆ.)

ಇದಕ್ಕೆ ಗ್ರೀಕ್ ವೀರ ಅಕಿಲಿಸನ ಹೆಸರಿದೆ. ಹಿಮ್ಮಡಿಗೆ ಬಾಣ ತಗುಲಿ ಸತ್ತವನು. ನಮ್ಮ ಕೃಷ್ಣನೂ ಕಾಲಿಗೆ ಬಾಣ ನಾಟಿಯೇ ಹೋದದ್ದು, ಅಲ್ವಾ? ಆದರೆ ಹೆಸರು ಕೇಳಿ ಇದು ದುರ್ಬಲ ಜಾಗ ಅಂದುಕೊಳ್ಳಬೇಡಿ. ಮೈಯಲ್ಲಿರುವ ಇಂಥ ಹುರಿಗಳಲ್ಲೆಲ್ಲ ಇದೇ ಅತಿ ಗಟ್ಟಿ. ಓಡುವಾಗ ದೇಹದ ತೂಕದ ಆರೇಳು ಪಟ್ಟು ಎಳೆತ ತಡೆಯುತ್ತದೆ.

ಹಾಗಾದರೆ ನೋವೇಕೆ? ಸ್ನಾಯು ಕೆಲವೇ ವಾರಗಳಲ್ಲಿ ಬಲಿಯುತ್ತದೆ, ಹುರಿಗೆ ತಿಂಗಳುಗಳು ಬೇಕು. ಇಡೀ ವರ್ಷ ಕುರ್ಚಿಯಲ್ಲಿ ಕೂತವರು ಸೋಮವಾರದಿಂದ ದಿನಕ್ಕೆ 10,000 ಹೆಜ್ಜೆ ಶುರುಮಾಡುತ್ತಾರೆ. ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ಉಸಿರು, ತೊಡೆ ಎಲ್ಲ ಹೂಂ ಅನ್ನುತ್ತವೆ, ಹುರಿ ಮಾತ್ರ ಹಿಂದೆ ಬೀಳುತ್ತದೆ. ಹಿಮ್ಮಡಿಗಿಂತ 2ರಿಂದ 6 ಸೆಂಟಿಮೀಟರ್ ಮೇಲೆ ರಕ್ತದ ಓಡಾಟವೂ ಕಡಿಮೆ. ಜಾಸ್ತಿ ಜನರಿಗೆ ನೋಯುವುದು ಅಲ್ಲೇ.

ಹಿಂದೆ ಇದನ್ನು ಉರಿಯೂತ ಎನ್ನುತ್ತಿದ್ದರು. ಹಳೆಯ ನೋವಿನಲ್ಲಿ ಸೂಕ್ಷ್ಮದರ್ಶಕ ತೋರಿಸುವುದು ಬೇರೆ: ಸಾಲಾಗಿರಬೇಕಾದ ಕೊಲಾಜೆನ್ (ಹುರಿ ಮಾಡಲ್ಪಟ್ಟಿರುವ ಪ್ರೋಟೀನ್) ಎಳೆಗಳು ಸಿಕ್ಕುಸಿಕ್ಕಾಗಿರುತ್ತವೆ. ಅದಕ್ಕೇ ಸುಮ್ನೆ ಮಲಗಿದರೆ ನೋವು ಇಳಿಯಬಹುದು, ಹುರಿ ಗಟ್ಟಿಯಾಗುವುದಿಲ್ಲ. ಮೆಲ್ಲಗೆ ಹೆಚ್ಚಿಸುವ ಹಿಮ್ಮಡಿ ವ್ಯಾಯಾಮವೇ ಇಂದಿನ ಮುಖ್ಯ ಚಿಕಿತ್ಸೆ.

ವಯಸ್ಸು, ತೂಕ, ಬಿಗಿದ ಮೀನಖಂಡ, ಸವೆದ ಶೂ, ಇವು ಗೊತ್ತಿರುವ ಕಾರಣಗಳೇ. ಓಡದವರಿಗೂ ಬರುತ್ತದೆ ಎನ್ನುವುದನ್ನು ಮರೆಯುತ್ತೇವೆ. ಸಕ್ಕರೆ ಕಾಯಿಲೆ ಕೊಲಾಜೆನನ್ನು ಪೆಡಸು ಮಾಡುತ್ತದೆ. ವಂಶದಲ್ಲೇ ಕೊಲೆಸ್ಟರಾಲ್ ವಿಪರೀತ ಇರುವ ಕೆಲವರಲ್ಲಿ ಕೊಬ್ಬು ಈ ಹುರಿಯೊಳಗೇ ಕೂತು ಗಂಟಾಗುತ್ತದೆ.

ಇನ್ನೊಂದು ಕಾರಣ ಔಷಧದ ಡಬ್ಬಿಯಲ್ಲಿದೆ. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಗುಂಪಿನ ಆ್ಯಂಟಿಬಯಾಟಿಕ್‌ಗಳು ಹುರಿಯನ್ನು ನೋಯಿಸಬಹುದು, ಅಪರೂಪಕ್ಕೆ ಹರಿಯಲೂಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಕಟ್ಟುನಿಟ್ಟಾಗಿ ಎಚ್ಚರಿಸಿತು. 60 ದಾಟಿದವರಿಗೆ, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು. ಈ ಮಾತ್ರೆ ನುಂಗುವಾಗ ಹಿಮ್ಮಡಿ ನೋಯತೊಡಗಿದರೆ ಎಣ್ಣೆ ತಿಕ್ಕುತ್ತ ಕೂರಬೇಡಿ, ಅವತ್ತೇ ವೈದ್ಯರಿಗೆ ಫೋನ್ ಮಾಡಿ. ಹುರಿ ಹರಿದಾಗ ‘ಟಪ್’ ಎಂಬ ಸದ್ದು ಬರುತ್ತದಂತೆ. ಯಾರೋ ಹಿಂದಿನಿಂದ ಒದ್ದರು ಅನ್ನಿಸಿ ತಿರುಗಿ ನೋಡಿದೆವು ಎನ್ನುವವರು ಬಹಳ ಮಂದಿ.