ಹೊಸ ಡ್ರೈವರ್ ಮೇಲೆ ಮತ್ತೊಂದು ಹೊಸ ಡ್ರೈವರ್ ಹಾಕಬೇಡಿ

ಮಳೆ ಹಿಡಿಯಿತೆಂದರೆ ಶಿವಮೊಗ್ಗದ ನನ್ನ ರಿಪೇರಿ ಅಂಗಡಿಗೆ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬರುವ ಲ್ಯಾಪ್‌ಟಾಪ್‌ಗಳ ಜೊತೆ ಒಂದೇ ಮಾತು ಬರುತ್ತದೆ: "ಥಂಡಿ ಹಿಡಿದು ಸ್ಕ್ರೀನ್ ಹೋಗಿದೆ ಮಾರಾಯ್ರೇ, ಹೊಸದು ಹಾಕಿಕೊಡಿ." ಥಂಡಿಗೆ ಕೆಡುವ ಯಂತ್ರಗಳೂ ಇವೆ, ಇಲ್ಲವೆನ್ನಲಾರೆ. ಆದರೆ ನಿನ್ನೆಯವರೆಗೆ ಸರಿಯಾಗಿದ್ದ ಪರದೆ ವಿಂಡೋಸ್ ಅಪ್‌ಡೇಟ್ ಮುಗಿದ ಮೇಲೆ ಮಿಣುಕತೊಡಗಿದರೆ, ಅಕ್ಷರಗಳೆಲ್ಲ ಹಿಗ್ಗಿ ಮಸುಕಾದರೆ, ಇಲ್ಲವೇ ಕಪ್ಪು ಪರದೆಯ ಮೇಲೆ ಮೌಸ್‌ನ ಬಾಣವೊಂದೇ ಓಡಾಡಿದರೆ, ನಾನು ಮೊದಲು ಸಂಶಯಪಡುವುದು ಡಿಸ್‌ಪ್ಲೇ ಡ್ರೈವರನ್ನೇ, ಅಂದರೆ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಚಿಪ್ಪನ್ನು ನಡೆಸಲು ವಿಂಡೋಸ್‌ಗೆ ಬೇಕಾದ ತಂತ್ರಾಂಶವನ್ನು.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಯಂತ್ರ ಆನ್ ಮಾಡಿದ ಕೂಡಲೇ ಕಾಣುವ ಕಂಪನಿಯ ಲಾಂಛನದ ಮೇಲೂ ಗೆರೆಗಳಿದ್ದರೆ, ಆ ಹೊತ್ತಿಗೆ ವಿಂಡೋಸ್‌ನ ಡ್ರೈವರ್ ಇನ್ನೂ ಕೆಲಸಕ್ಕೇ ಇಳಿದಿರುವುದಿಲ್ಲವಾದ್ದರಿಂದ, ದೋಷ ಪರದೆಯಲ್ಲೋ ಕೇಬಲ್‌ನಲ್ಲೋ ಗ್ರಾಫಿಕ್ಸ್ ಚಿಪ್‌ನಲ್ಲೋ ಇರುತ್ತದೆ. ಲಾಂಛನ ಸ್ವಚ್ಛವಾಗಿದ್ದು, ತೀರಾ ಅಗತ್ಯವಾದುದನ್ನಷ್ಟೇ ಇಟ್ಟುಕೊಂಡು ವಿಂಡೋಸ್ ಏಳುವ ಸೇಫ್ ಮೋಡ್‌ನಲ್ಲಿಯೂ ಚಿತ್ರ ಅಲುಗದೆ ನಿಂತರೆ, ಬಹುಮಟ್ಟಿಗೆ ಡ್ರೈವರಿನದೇ ತಪ್ಪು. ಸೇಫ್ ಮೋಡ್‌ನಲ್ಲಿ ವಿಂಡೋಸ್ ಆ ಡ್ರೈವರನ್ನು ಬದಿಗಿಟ್ಟು ತನ್ನದೇ ಸರಳ ಡ್ರೈವರಿನಿಂದ ಚಿತ್ರ ತೋರಿಸುತ್ತದೆ.

ನನ್ನನ್ನು ನಿಜವಾಗಿ ಕಂಗೆಡಿಸುವುದು ಇದರ ಮುಂದಿನ ಹೆಜ್ಜೆ. ಅಪ್‌ಡೇಟ್‌ನಿಂದ ಕೆಟ್ಟದ್ದು ಇನ್ನೊಂದು ಅಪ್‌ಡೇಟ್‌ನಿಂದ ಸರಿಹೋಗುತ್ತದೆಂದು ನಂಬಿ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ 'ಡ್ರೈವರ್ ಅಪ್‌ಡೇಟರ್' ಒಂದನ್ನು ಇಳಿಸಿಕೊಂಡು, ಅದು ಹೇಳಿದ್ದನ್ನೆಲ್ಲ ಹಾಕಿಬಿಡುತ್ತಾರೆ. ದಯವಿಟ್ಟು ಗಮನಿಸಿ: ಯಂತ್ರದ ಭಾಗಗಳ ಪಟ್ಟಿ ತೋರಿಸುವ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್‌ನ (ಅದೇ ಗ್ರಾಫಿಕ್ಸ್ ಚಿಪ್‌ನ) ಪ್ರಾಪರ್ಟೀಸ್ ತೆರೆದರೆ, ಡ್ರೈವರ್ ಎಂಬ ಪುಟದಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಎಂಬ ಗುಂಡಿಯಿದೆ. ಅದು ನಿಮ್ಮನ್ನು ಹಿಂದಕ್ಕೆ ಒಯ್ಯುವುದು ಒಂದೇ ಹೆಜ್ಜೆ. ಸರಿಯಾಗಿದ್ದ ಡ್ರೈವರಿನ ಮೇಲೆ ದೋಷದ ಡ್ರೈವರ್ ಬಂದು ಕೂತಾಗ, ಹಿಂದಿನದು ಎಂದರೆ ಸರಿಯಾಗಿದ್ದದ್ದು. ಅದರ ಮೇಲೆ ನೀವು ಮೂರನೆಯದನ್ನು ಹಾಕಿದಿರೋ, ಆಗ ಹಿಂದಿನದು ಎಂದರೆ ದೋಷದ್ದೇ! ಗುಂಡಿ ಒತ್ತಿದರೂ ಮತ್ತೆ ಅದೇ ಕೆಸರಿಗೆ ಕಾಲಿಡುತ್ತೀರಿ. ಹತ್ತು ನಿಮಿಷದಲ್ಲಿ ಮುಗಿಯಬೇಕಾದದ್ದು ಅರ್ಧ ದಿನದ ಕೆಲಸವಾಗುವುದು ಹೀಗೆ.

ಕಳೆದ ಮದುವೆ ಹಂಗಾಮಿನಲ್ಲಿ ಡಿಟಿಪಿ ಕೆಲಸ ಮಾಡುವ ಹುಡುಗನೊಬ್ಬ, ಆಮಂತ್ರಣ ಪತ್ರಿಕೆಗಳ ಕೆಲಸ ರಾಶಿ ಬಿದ್ದಿರುವಾಗ, ಒಂದೇ ರಾತ್ರಿ ಮೂರು ಡ್ರೈವರ್ ಹಾಕಿ, ಮೂರನೆಯದು ಅರ್ಧವಾಗಿದ್ದಾಗ ಕರೆಂಟು ಹೋಗಿ, ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಬೈಯಬೇಕೆಂದುಕೊಂಡವನು ಅವನ ಮುಖ ನೋಡಿ ಕಾಫಿ ತರಿಸಿದೆ. ಅಂಥ ಯಂತ್ರಕ್ಕೆ ಮಾಡಬೇಕಾದದ್ದು ಇಷ್ಟು: ಆ ಮಾದರಿಗೆಂದೇ ತಯಾರಕರು ತಮ್ಮ ಜಾಲತಾಣದಲ್ಲಿ ಇಟ್ಟಿರುವ ಡ್ರೈವರನ್ನು ಮೊದಲೇ ಇಳಿಸಿಟ್ಟುಕೊಂಡು, ಇಂಟರ್‌ನೆಟ್ ಸಂಪರ್ಕ ತೆಗೆದು, ಈಗಿರುವ ಡ್ರೈವರನ್ನು ಅದರ ಕಡತಗಳ ಸಮೇತ ಅಳಿಸಿ, ಆಮೇಲೆ ಇಳಿಸಿಟ್ಟದ್ದನ್ನು ಹಾಕುವುದು. ಸಂಪರ್ಕ ತೆಗೆಯದಿದ್ದರೆ ವಿಂಡೋಸ್ ಅದೇ ದೋಷದ ಡ್ರೈವರನ್ನು ನಿಮ್ಮ ಕಣ್ಣೆದುರೇ ಮರಳಿ ತಂದು ಹಾಕೀತು. ಕೆಲಸ ಮುಗಿದ ಬಳಿಕ ಅಪ್‌ಡೇಟ್‌ಗಳನ್ನು ಕೆಲವು ವಾರ ತಡೆಹಿಡಿಯಬಹುದು. ಶಾಶ್ವತವಾಗಿ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ, ಏಕೆಂದರೆ ಸುರಕ್ಷತೆಯ ತಿದ್ದುಪಡಿಗಳೂ ಅದೇ ದಾರಿಯಲ್ಲಿ ಬರುತ್ತವೆ.

ಇನ್ನೊಂದು ಎಚ್ಚರಿಕೆ ಅಗತ್ಯ. ವಿಂಡೋಸ್ 11 ಇರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಬಿಟ್‌ಲಾಕರ್ ಎಂಬ ವಿಂಡೋಸ್‌ನ ರಕ್ಷಣಾ ವ್ಯವಸ್ಥೆಯಿಂದ ಬೀಗ ಹಾಕಿಕೊಂಡಿರುತ್ತದೆ, ಸೇಫ್ ಮೋಡ್‌ಗೆ ಹೋಗುವಾಗ 48 ಅಂಕಿಗಳ ಕೀಲಿಯನ್ನು ಕೇಳಬಹುದು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಖಾತೆ ತೆರೆದುಕೊಟ್ಟವನು ಬೆಂಗಳೂರಿನಲ್ಲಿರುವ ಮಗನಾದರೆ ಅವನಿಗೆ ಫೋನ್ ಮಾಡಿ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡೇ ಮುಂದುವರಿಯಿರಿ.

ಹಿಂದಿನ ಡ್ರೈವರಿಗೆ ಮರಳಿದ ಮೇಲೂ ಮಿಣುಕುವುದು ನಿಲ್ಲದಿದ್ದರೆ ಮಾತ್ರ ಯಂತ್ರವನ್ನು ಅಂಗಡಿಗೆ ತನ್ನಿ. ಆಗ ಕೇಬಲ್, ಪರದೆ ಎಲ್ಲವನ್ನೂ ಬಿಚ್ಚಿ ನೋಡೋಣ.