ನೆರಳಿಲ್ಲದ ಮಧ್ಯಾಹ್ನ

ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ. ನೀರಿನ ಬಾಟಲಿ ನೆಟ್ಟಗೆ ನಿಲ್ಲಿಸಿದರೆ ನೆರಳು ಬುಡದೊಳಗೇ ಅಡಗಿಬಿಡುತ್ತದೆ. ಒಂದು ವರ್ಷ ಅದನ್ನು ನೋಡಲು ಮಕ್ಕಳ ಜೊತೆ ಹನ್ನೊಂದರಿಂದ ಒಂದರವರೆಗೆ ಟೆರೇಸಿನಲ್ಲೇ ಇದ್ದೆ. ಗಾಳಿ ತಂಪಾಗಿತ್ತು, ನಮ್ಮೂರ ಬಿಸಿಲು ಏನು ಮಾಡೀತು ಅಂತ ಧೈರ್ಯ. ಆದರೆ ಚರ್ಮದ ಡಿಎನ್‌ಎ ಕೆಡಿಸುವುದು ಸೆಕೆಯಲ್ಲ. ತಾಗಿದ್ದೇ ಗೊತ್ತಾಗದ ಅತಿನೇರಳೆ ಕಿರಣ.

ಡಿಎನ್‌ಎ ಅಂದರೆ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಉದ್ದನೆಯ ಬರಹ, ಎರಡು ಎಳೆಗಳಲ್ಲಿ. ಅಕ್ಕಪಕ್ಕ ಎರಡು ಟಿ ಇರುವ ಕಡೆ ಈ ಕಿರಣ ಬಿದ್ದರೆ ಅವು ಒಂದಕ್ಕೊಂದು ಅಂಟಿಕೊಳ್ಳಬಹುದು. ಕೆಟ್ಟ ಜಿಪ್‌ನ ಹಲ್ಲುಗಳ ಹಾಗೆ. ಬರಹವನ್ನು ನಕಲು ಮಾಡುತ್ತಾ ಬರುವ ಕಿಣ್ವ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ನಮ್ಮ ಕೋಶ ಅಂಟನ್ನು ಬಿಡಿಸುವ ಗೋಜಿಗೇ ಹೋಗುವುದಿಲ್ಲ. ಎರಡೂ ಬದಿ ಕತ್ತರಿಸಿ, ಸುಮಾರು 30 ಅಕ್ಷರಗಳ ತುಂಡನ್ನೇ ತೆಗೆದು ಬಿಸಾಕುತ್ತದೆ. ಕೆಟ್ಟಿದ್ದು ಎರಡಕ್ಷರ, ಹೋಗಿದ್ದು ಮೂವತ್ತು! ದುಂದು ಅನ್ನಿಸುತ್ತದೆ, ಅಲ್ವಾ? ಚಿಂತೆಯಿಲ್ಲ, ಎದುರಿನ ಎಳೆ ಹಾಗೇ ಇದೆಯಲ್ಲ. ಎ ಎದುರು ಟಿ, ಜಿ ಎದುರು ಸಿ. ಅದನ್ನು ನೋಡಿಕೊಂಡು ಖಾಲಿ ಜಾಗ ತುಂಬಿ, ತುದಿ ಬೆಸೆದರೆ ಆಯಿತು. ಎರಡೂ ಎಳೆ ಒಟ್ಟಿಗೆ ತುಂಡಾದರೆ ಮಾತ್ರ ಪೇಚಾಟ. ಕೋಶ ವಿಭಜನೆಗೆಂದು ಆಗಲೇ ಇನ್ನೊಂದು ಪ್ರತಿ ಮಾಡಿಟ್ಟಿದ್ದರೆ ಅದನ್ನು ನೋಡಿ ಸರಿಮಾಡುತ್ತದೆ. ಇಲ್ಲದಿದ್ದರೆ ಸುಮ್ನೆ ತುದಿಗಳನ್ನು ಜೋಡಿಸುತ್ತದೆ, ಒಂದೆರಡು ಅಕ್ಷರ ಕಳೆದರೂ ಸರಿ.

ನನಗೆ ಹೊಟ್ಟೆಕಿಚ್ಚಾಗುವುದು ಅದೇ ಟೆರೇಸಿನ ಕುಂಡದಲ್ಲಿದ್ದ ತುಳಸಿಯನ್ನು ಕಂಡು. ದಿನವಿಡೀ ಬಿಸಿಲಲ್ಲೇ ನಿಲ್ಲುವ ಗಿಡಗಳಲ್ಲಿ ಫೋಟೊಲಯೇಸ್ ಎಂಬ ಕಿಣ್ವ ಇದೆ. ಅದು ಅದೇ ಬಿಸಿಲಿನ ನೀಲಿ ಬೆಳಕನ್ನು ಹೀರಿಕೊಂಡು, ಅಂಟಿದ ಜೋಡಿಯನ್ನು ನೇರವಾಗಿ ಬಿಡಿಸುತ್ತದೆ. ಏನನ್ನೂ ಕತ್ತರಿಸಬೇಕಿಲ್ಲ. ಮೀನು, ಕಪ್ಪೆ, ಕಾಂಗರೂಗಳಿಗೂ ಇದು ಉಂಟು. ನಮ್ಮ ವಂಶ ಎಲ್ಲೋ ದಾರಿಯಲ್ಲಿ ಕಳೆದುಕೊಂಡಿತು. ಮೊದಲು ಬ್ಯಾಕ್ಟೀರಿಯಾದ ಈ ಕಿಣ್ವದ ಹಿಂದೆ ಬಿದ್ದ ಅಜೀಜ್ ಸಂಜಾರ್, ಆಮೇಲೆ ಕತ್ತರಿಸಿ ತುಂಬುವ ವಿಧಾನವನ್ನೂ ಬಿಡಿಸಿಟ್ಟರು. 2015ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು.

ಈ ಕತ್ತರಿ ಕೆಲಸ ಹುಟ್ಟಿನಿಂದಲೇ ಕೈಕೊಟ್ಟ ಮಕ್ಕಳಿದ್ದಾರೆ. ಕಾಯಿಲೆಯ ಹೆಸರು ಜೆರೋಡರ್ಮಾ ಪಿಗ್ಮೆಂಟೋಸಮ್. ಕಿಟಕಿಯಿಂದ ಬರುವ ಹಗಲ ಬೆಳಕೂ ಅವರಿಗೆ ಅಪಾಯ, ಚರ್ಮದ ಕ್ಯಾನ್ಸರ್ ಎಳವೆಯಲ್ಲೇ ಬರಬಹುದು.

ನನ್ನ ಚರ್ಮದಲ್ಲಿ ರಿಪೇರಿ ಮರುದಿನವೂ ನಡೆದೇ ಇತ್ತು. ಹಾನಿ ಜಾಸ್ತಿಯಾದ ಕೋಶಕ್ಕೆ ಪಿ53 ಎಂಬ ಪ್ರೊಟೀನು ಸಾಯಲು ಸನ್ನೆ ಮಾಡುತ್ತದೆ. ನಾಲ್ಕನೇ ದಿನ ಮೂಗಿನ ತುದಿ ಸುಲಿಯಿತು.