ಹಿರಿಯರ ಗಂಟಲಿಗೆ ಮಾತ್ರೆ ಯಾಕಿಷ್ಟು ದೊಡ್ಡದಾಯಿತು?

ಮುಂಬೈ ಪಕ್ಕದ ಡೊಂಬಿವಲಿಯ ಕನ್ನಡದ ಮನೆಗಳಲ್ಲಿ ಶುಗರ್ ಮಾತ್ರೆಯನ್ನು ಅಡಕತ್ತರಿಯಲ್ಲಿ ಕತ್ತರಿಸಿ, ಆ ಚೂರುಗಳನ್ನು ಒಂದೊಂದಾಗಿ ಮಜ್ಜಿಗೆಯ ಜೊತೆ ನುಂಗುವ ಅಜ್ಜಿಯರನ್ನು ನೋಡಿದ್ದೇನೆ. ಮಕ್ಕಳು ಬೆಳಗ್ಗೆಯೇ ಲೋಕಲ್ ರೈಲು ಹಿಡಿದು ಹೋಗಿರುತ್ತಾರೆ. ಕೇಳಿದರೆ ‘ಗಂಟಲಲ್ಲಿ ನಿಲ್ಲುತ್ತೆ’ ಅಂತಾರೆ. ತಪ್ಪು ಅವರದಲ್ಲ. ವಯಸ್ಸಾದಂತೆ ನುಂಗುವ ಸ್ನಾಯುಗಳು ಸೋಲುತ್ತವೆ, ಬಾಯಿ ಒಣಗುತ್ತದೆ, ಮತ್ತೆ ಎಷ್ಟೋ ಔಷಧಿಗಳೇ ಆ ಒಣಗುವಿಕೆಯನ್ನು ಇನ್ನೂ ಜಾಸ್ತಿ ಮಾಡುತ್ತವೆ.

ಮೊದಲು ಗುಳಿಗೆಯನ್ನು ಕೈಯಲ್ಲೇ ಉಂಡೆ ಕಟ್ಟುತ್ತಿದ್ದರು. 1843ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರಾಕೆಡನ್ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಬಿಲ್ಲೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಅವರು ಚಿತ್ರಕಾರ. ಪೆನ್ಸಿಲ್ಲಿನ ಗ್ರಾಫೈಟ್ ಪುಡಿಯನ್ನು ಗಟ್ಟಿ ಮಾಡುವುದಕ್ಕೂ ಅದೇ ಪೇಟೆಂಟು! ಅಲ್ಲಿಂದ ಮುಂದೆ ಮಾತ್ರೆಯ ಆಕಾರವನ್ನು ಯಂತ್ರ ಮತ್ತು ಡೋಸ್ ಸೇರಿ ನಿರ್ಧರಿಸಿದವು, ಗಂಟಲನ್ನು ಯಾರೂ ಕೇಳಲಿಲ್ಲ. ಜೆಲಾಟಿನ್ ಕ್ಯಾಪ್ಸೂಲ್ ಅದಕ್ಕೂ ಮೊದಲೇ, 1834ರಲ್ಲಿ, ಪ್ಯಾರಿಸ್ಸಿನಲ್ಲಿ ಬಂದಿತ್ತು, ಆದರೆ ಅದು ಬಂದದ್ದು ಕೆಟ್ಟ ರುಚಿಯನ್ನು ಮುಚ್ಚಲಿಕ್ಕೆ.

ಆಮೇಲೆ ಬಿಪಿ, ಶುಗರ್ ಮಾತ್ರೆಗಳನ್ನು ಜೀವನಪೂರ್ತಿ ನುಂಗುವ ಕಾಲ ಬಂತು. ಗ್ಲಿಮೆಪಿರೈಡ್ ಎಂಬ ಶುಗರ್ ಔಷಧಿ 1 ಅಥವಾ 2 ಮಿಲಿಗ್ರಾಂ ಇದ್ದರೆ ಸಾಕು. ಶುಗರ್‌ನದ್ದೇ ಇನ್ನೊಂದು ಔಷಧಿ ಮೆಟ್‌ಫಾರ್ಮಿನ್ ಮಾತ್ರ 500 ಮಿಲಿಗ್ರಾಂ, ಕೆಲವರಿಗೆ 1000. ಅಷ್ಟು ಪುಡಿಗೆ ಅಷ್ಟು ಜಾಗ ಬೇಕೇ ಬೇಕು. ಅದನ್ನು ಎಸ್‌ಆರ್ ಮಾಡಿದರೆ, ಅಂದರೆ ನಿಧಾನಕ್ಕೆ ಬಿಡುಗಡೆಯಾಗುವ ಹಾಗೆ ಮಾಡಿದರೆ, ನೀರು ತಾಗಿ ಲೋಳೆಯಂತೆ ಉಬ್ಬುವ ಪಾಲಿಮರನ್ನೂ ಸೇರಿಸುತ್ತಾರೆ, ಮಾತ್ರೆ ಇನ್ನೂ ದಪ್ಪವಾಗುತ್ತದೆ. ಇಂಥದ್ದನ್ನು ಅರೆದರೆ ಅಥವಾ ಕತ್ತರಿಸಿದರೆ ಇಡೀ ದಿನದ ಔಷಧಿ ಒಟ್ಟಿಗೇ ದೇಹಕ್ಕೆ ಇಳಿಯಬಹುದು. ಅಡಕತ್ತರಿಯ ಅಪಾಯ ಇರುವುದು ಇಲ್ಲೇ.

ಮುಂಬೈಗೆ ಈ ಕಥೆಯಲ್ಲಿ ದೊಡ್ಡ ಪಾಲಿದೆ. 1935ರಲ್ಲಿ ಸಿಪ್ಲಾ ಔಷಧಿ ಕಂಪನಿ ಶುರುವಾಗಿದ್ದು ಇಲ್ಲೇ. 1970ರ ಪೇಟೆಂಟ್ ಕಾಯ್ದೆಯಿಂದಾಗಿ ಒಂದೇ ಔಷಧಿಯನ್ನು ಹತ್ತಾರು ಕಂಪನಿಗಳು ತಯಾರಿಸುವಂತಾಯಿತು, ಬೆಲೆ ಇಳಿಯಿತು, ಬಡವರಿಗೂ ಔಷಧಿ ಸಿಕ್ಕಿತು. ಇದು ಸಣ್ಣ ಮಾತಲ್ಲ. ಆದರೆ ಒಬ್ಬೊಬ್ಬರ ಮಾತ್ರೆ ಒಂದೊಂದು ಗಾತ್ರ. ಮೆಡಿಕಲ್‌ನವರು ‘ಅದೇ ಔಷಧಿ, ಬೇರೆ ಕಂಪನಿ’ ಅಂತ ಕೊಟ್ಟರೆ ಅಜ್ಜನ ಗಂಟಲಿಗೆ ಅದು ಅದೇ ಅಲ್ಲ, ಅಲ್ವಾ?

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಜನರಿಕ್ ಮಾತ್ರೆಗಳ, ಅಂದರೆ ಮೂಲ ಕಂಪನಿಯ ಔಷಧಿಯನ್ನೇ ಬೇರೆಯವರು ತಯಾರಿಸಿದ ಮಾತ್ರೆಗಳ, ಗಾತ್ರದ ಬಗ್ಗೆ ಸಲಹೆ ಹೊರಡಿಸಿತು. ಉದ್ದ 22 ಮಿಲಿಮೀಟರ್ ದಾಟಬಾರದು, ಮೂಲ ಕಂಪನಿಯ ಮಾತ್ರೆಯಷ್ಟೇ ಇದ್ದರೆ ಒಳ್ಳೆಯದು ಅಂತ. ಕಾನೂನಲ್ಲ, ಬರೀ ಸಲಹೆ. ಆದರೂ ನುಂಗುವವರ ಕಷ್ಟ ಕಾಗದಕ್ಕೆ ಬಂತು, ನನಗೆ ಅದೇ ದೊಡ್ಡದು. ತಯಾರಕರಿಗೆ ದಾರಿಗಳೂ ಗೊತ್ತಿವೆ: ದುಂಡಗಿನ ದೊಡ್ಡ ಬಿಲ್ಲೆಗಿಂತ ಉದ್ದನೆಯದು ಸಲೀಸಾಗಿ ಇಳಿಯುತ್ತದೆ, ನುಣುಪಾದ ಲೇಪನ ಇದ್ದರೆ ಅಂಟುವುದಿಲ್ಲ, ಕೆಲವು ಔಷಧಿಗಳನ್ನು ನಾಲಿಗೆಯ ಮೇಲೇ ಕರಗುವಂತೆ ಮಾಡಬಹುದು.

ನುಂಗುವ ರೀತಿಯಲ್ಲೂ ಒಂದು ವಿಷಯ ಇದೆ. ಜರ್ಮನಿಯ ಹೈಡಲ್‌ಬರ್ಗಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾಪ್ಸೂಲ್ ಬಾಯಲ್ಲಿಟ್ಟು ನೀರು ಹೀರಿ ತಲೆಯನ್ನು ಮುಂದಕ್ಕೆ ಬಗ್ಗಿಸಿ ನುಂಗಿದರೆ ಹೆಚ್ಚಿನವರಿಗೆ ಸುಲಭವಾಯಿತು. ಕ್ಯಾಪ್ಸೂಲ್ ಹಗುರ, ಬಗ್ಗಿದಾಗ ನೀರಲ್ಲಿ ತೇಲಿ ಗಂಟಲ ಕಡೆ ಬರುತ್ತದೆ. ನಾವು ಮಾಡುವುದು ಪೂರ್ತಿ ಉಲ್ಟಾ. ಲೋಟ ಎಂಜಲಾಗಬಾರದು ಅಂತ ತಲೆ ಹಿಂದಕ್ಕೆ ವಾಲಿಸಿ ನೀರು ಎತ್ತಿ ಹೊಯ್ದುಕೊಳ್ಳುತ್ತೇವೆ.

ಪಾರ್ಶ್ವವಾಯು ಆದವರು, ನೀರು ಕುಡಿದರೂ ಕೆಮ್ಮು ಬರುವವರು ಇದನ್ನೆಲ್ಲ ಸುಮ್ನೆ ಮನೆಯಲ್ಲೇ ಪ್ರಯೋಗ ಮಾಡಬಾರದು, ವೈದ್ಯರಿಗೆ ಹೇಳಲೇಬೇಕು. ಉಳಿದವರೂ ಮುಂದಿನ ಸಲ ಹೋದಾಗ ನುಂಗಲು ಆಗದ ಮಾತ್ರೆಯನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ ತೋರಿಸಿ. ಒಂದು ದೊಡ್ಡದರ ಬದಲು ಎರಡು ಸಣ್ಣವು, ಸಿರಪ್ಪು, ಕರಗುವ ಮಾತ್ರೆ, ಯಾವುದಾದರೂ ಇದೆಯಾ ಅಂತ ಬಾಯಿಬಿಟ್ಟು ಕೇಳಿ.